ಚರ್ಮದ ಬೆಲ್ಟು ಹರಿದಿರಲಿಲ್ಲ

ನಾನು ನಿಂತಿದ್ದು ರೇಡಿಯೇಟರಿನ ಎದುರಿಗೆ, ಅದರಿಂದ ಎರಡು ಹೆಜ್ಜೆ ಆಚೆ. ಜಾಗ ಶ್ರೀನಿವಾಸಪುರದ ಒಂದು ಮಾವಿನ ಮಂಡಿಯ ಹಿಂದಿನ ಬಯಲು. ಎರಡನೇ ಮಹಾಯುದ್ಧದ ಕಾಲ, ಮಾವಿನ ಸುಗ್ಗಿ ಮುಗಿಯುತ್ತ ಬಂದಿತ್ತು. ಬೆಳಗಿನ ಹತ್ತು ಗಂಟೆ ಇನ್ನೂ ಆಗಿರಲಿಲ್ಲ. ಹುಣಸೆಮರದ ನೆರಳು ಗಾಡಿಯ ಎಡ ಚಕ್ರದವರೆಗೆ ಬಿದ್ದಿತ್ತು.

ಗಾಡಿ ಎಂದರೆ ಹಿಂದೆ ತೆರೆದ ತೊಟ್ಟಿಯಿದ್ದ ಪಿಕಪ್ಪು, ಮಂಡಿಯ ಯಜಮಾನರದು. ನಾನು ಅದರ ಡ್ರೈವರು. ಯಲ್ದೂರಿನ ತೋಪುಗಳಿಂದ ಕೋಲಾರಕ್ಕೆ ಹಣ್ಣು ಸಾಗಿಸುತ್ತಿದ್ದೆ. ಫ್ಯಾನ್ ಬೆಲ್ಟು ಹರಿದಾಗ ಹೊಸ ರಬ್ಬರ್ ಬೆಲ್ಟು ಕೋಲಾರದಲ್ಲೂ ಸಿಗಲಿಲ್ಲ, ಬೆಂಗಳೂರಿನಲ್ಲೂ ಸಿಗಲಿಲ್ಲ. ಕಪಿಲೆ ಬಾವಿಗಳಿಗೆ, ಎತ್ತು ಕಟ್ಟಿ ನೀರೆತ್ತುವ ಚರ್ಮದ ಚೀಲ ಹೊಲಿಯುವ ಒಬ್ಬಾತನಿಂದ ಚರ್ಮದ ಬೆಲ್ಟು ಹೊಲಿಸಿದೆವು. ಎರಡು ತುದಿ ಸೇರಿದ ಕಡೆ ಹೊಲಿಗೆ ಸ್ವಲ್ಪ ದಪ್ಪ. ಅದು ಪುಲ್ಲಿಯ ಮೇಲೆ ಬಂದಾಗಲೆಲ್ಲ ‘ಟಕ್’ ಎನ್ನುತ್ತಿತ್ತು. ಆ ಸದ್ದು ನಮಗೆ ಒಗ್ಗಿಹೋಗಿತ್ತು.

ಕೆಲವು ವಾರಗಳ ಮೇಲೆ ಎಂಜಿನ್ನು ನಡುಗತೊಡಗಿತು. ವೇಗ ಹೆಚ್ಚಿದಂತೆ ಸ್ಟೀರಿಂಗ್ ಹಿಡಿದ ಕೈ ಜುಮ್ಮೆನ್ನುತ್ತಿತ್ತು. ಯಜಮಾನರು ಹೊಲಿಗೆಯಾತನನ್ನು ಕರೆಸಿದರು.

“ಏನ್ಲಾ, ಗಾಡಿಗೂ ಕಪಿಲೆ ಹೊಲ್ಗೇನೇ ಹಾಕ್ಬಿಟ್ಯಾ? ಇದಕ್ಕೂ ಎತ್ತು ಕಟ್ಲಾ?”

ಆತ ನಗಲಿಲ್ಲ. “ಒಂದ್ಸಲ ಓಡ್ಸಿ ಸ್ವಾಮಿ, ಕೇಳ್ತೀನಿ” ಎಂದು ಗಾಡಿಯ ಕಡೆ ಎರಡು ಹೆಜ್ಜೆ ಇಟ್ಟ.

“ಅಲ್ಲೇ ನಿಂತ್ಕೊ, ಮರದ ಹತ್ರ. ಅಲ್ಲಿಂದ್ಲೇ ಕೇಳ್ಸುತ್ತೆ.”

ಆತ ಹೋಗಿ ಮರದ ಹತ್ತಿರ ನಿಂತ. ಆತನಂಥವರು ನಿಲ್ಲಬೇಕಾದ ದೂರ ಆಗ ಎಲ್ಲರಿಗೂ ಗೊತ್ತಿದ್ದದ್ದೇ. ಆ ಜಾಗ ಫ್ಯಾನಿನ ನೇರ ಎಡಕ್ಕೆ, ನಾನು ಆಮೇಲೆ ಅಳೆದಂತೆ ಒಂಬತ್ತು ಹೆಜ್ಜೆ.

ನಾನು ಬೆಲ್ಟು ಬಿಚ್ಚಿ ಎಂಜಿನ್ನನ್ನು ಒಂದು ನಿಮಿಷ ಓಡಿಸಿದೆ. ನಡುಕ ಇಲ್ಲ. “ಬೆಲ್ಟಿಂದೇ” ಎಂದೆ. ಹಾಗೆಂದವನು ನಾನೇ. ಬೆಲ್ಟು ಬಿಚ್ಚಿದರೆ ಫ್ಯಾನೂ ತಿರುಗುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ, ನಡುಕ ಫ್ಯಾನಿನದೂ ಇರಬಹುದೆಂದು ಆ ಗಳಿಗೆಯಲ್ಲಿ ಹೊಳೆಯಲಿಲ್ಲ.

ಹಣ್ಣು ತಂದಿದ್ದ ಯಲ್ದೂರಿನ ರೈತರೊಬ್ಬರು ಅಲ್ಲೇ ಇದ್ದರು. “ನಮ್ ಚೀಲಾನೂ ಹಿಂಗೇ ಹೊಲ್ದಿದೀಯೇನಪ್ಪಾ? ಬ್ಯಾರೆಯವರನ್ನ ನೋಡ್ಕೋಬೇಕಾಗ್ತದೆ” ಎಂದರು. ಹೊಲಿಗೆಯಾತನ ಮುಖ ಕಪ್ಪಿಟ್ಟಿತು. ಆ ಮಾತು ಸಂತೆಗೆ ಹೋದರೆ ಸುತ್ತಲಿನ ಬಾವಿಗಳ ಕೆಲಸವೆಲ್ಲ ಆತನ ಕೈಬಿಡುತ್ತಿತ್ತು.

“ಬೆಲ್ಟು ಹಾಕಿ ಮೆತ್ತಗೆ ಓಡ್ಸಿ” ಎಂದ.

ಹಾಕಿದೆ. ಮಂಡಿಯ ಗುಮಾಸ್ತರು ಗಾಡಿಯಲ್ಲಿ ಕೂತು ಎಂಜಿನ್ ಓಡಿಸಿದರು. ಹೊಲಿಗೆಯಾತ ತಲೆ ಬಗ್ಗಿಸಿ, ತೊಡೆಯ ಮೇಲೆ ಬೆರಳು ಬಡಿಯುತ್ತ ಕೇಳಿದ. ಆಮೇಲೆ ನನ್ನ ಕಡೆ ನೋಡಿದ.

“ಅಣ್ಣಾ, ನನ್ ಹೊಲ್ಗೆ ಒಂದ್ಸಲ ಟಕ್ ಅನ್ನೋಷ್ಟ್ರಲ್ಲಿ ನಡುಕ ಮೂರ್ಸಲ ಬರ್ತೈತೆ. ಅದು ಬ್ಯಾರೆ, ಇದು ಬ್ಯಾರೆ. ಇನ್ನೇನು ತಿರುಗ್ತೈತೆ ನೋಡಣ್ಣಾ.”

“ಇವನ ಕಿವಿ ಬೇರೆ ನೋಡ್ರೀ!” ಯಜಮಾನರು ನಕ್ಕರು. “ಜೋರಾಗಿ ಕೊಡಿ ಗುಮಾಸ್ತರೇ. ಹೊಲ್ಗೆ ಕಿತ್ಕೊಂಡ್ ಬಂದ್ರೆ ಅವನಿಗೇ ಗೊತ್ತಾಗುತ್ತೆ.”

ಗುಮಾಸ್ತರು ನನ್ನತ್ತ ನೋಡಿದರು. ನಾನು ‘ಹೂಂ, ಕೊಡಿ’ ಎಂದು ಕೈ ಎತ್ತಿ ಸನ್ನೆ ಮಾಡಿದೆ.

ಎಂಜಿನ್ನಿನ ಸದ್ದು ಏರಿತು. ಹೊಲಿಗೆಯಾತ ಬಲಗೈ ಎತ್ತಿ “ನಿಲ್ಸಣ್ಣಾ” ಎಂದ. ಅಷ್ಟರಲ್ಲಿ ತಗಡು ಹರಿದಂಥ ಒಂದೇ ಒಂದು ಸದ್ದು. ಬಾನೆಟ್ಟಿನ ಎಡಮಗ್ಗುಲನ್ನು ತೆರೆದಿಟ್ಟಿದ್ದೆವು. ಅಲ್ಲಿಂದ ಏನೋ ಹೊಳೆಯಿತು. ನಾನು ಕಂಡದ್ದು ಹೊಳಪು ಮಾತ್ರ. ಫ್ಯಾನಿನ ರೆಕ್ಕೆ ಹಾರಿದ್ದನ್ನು ಕಂಡೆ ಎಂದರೆ ಸುಳ್ಳಾಗುತ್ತದೆ.

ಮತ್ತೆ ನೋಡಿದಾಗ ಆತ ಮರದ ಬುಡದಲ್ಲಿ ಕೂತಿದ್ದ. ಎಡಗೈಯಿಂದ ಬಲಗೈ ಹಿಡಿದಿದ್ದ. ಬಲಗೈಯ ಹೆಬ್ಬೆರಳು ಇರಲಿಲ್ಲ. ನಾವು ಯಾರೂ ಕದಲಲಿಲ್ಲ. ಬಯಲಿನ ಅಂಚಿನಲ್ಲಿ ನೇರಳೆಹಣ್ಣು ಮಾರುತ್ತಿದ್ದ ಹೆಂಗಸೊಬ್ಬರು “ಅಯ್ಯೋ ದೇವುಡಾ” ಎಂದು ಓಡಿಬಂದರು. ಸೆರಗು ಹರಿದು ಆತನ ಕೈಗೆ ಕಟ್ಟಿದರು.

ಯಜಮಾನರು ಆಡಿದ ಮೊದಲ ಮಾತು: “ನೋಡ್ದಾ, ನಿನ್ ಬೆಲ್ಟು ಏನ್ ಮಾಡ್ತು.”

ಎಂಜಿನ್ನು ನಿಂತ ಮೇಲೆ ನಾನು ಒಳಗೆ ನೋಡಿದೆ. ಬೆಲ್ಟು ಪುಲ್ಲಿಯ ಮೇಲೆಯೇ ಇತ್ತು. ಹೊಲಿಗೆಯ ಒಂದು ಎಳೆಯೂ ಬಿಟ್ಟಿರಲಿಲ್ಲ. ಫ್ಯಾನಿನ ನಾಲ್ಕು ರೆಕ್ಕೆಗಳಲ್ಲಿ ಒಂದು ಬುಡದಿಂದ ಹೋಗಿತ್ತು. ಮುರಿದ ಅಂಚು ಬಹುಪಾಲು ತುಕ್ಕು ಹಿಡಿದಿತ್ತು, ಒಂದು ತುದಿ ಮಾತ್ರ ಹೊಸದಾಗಿ ಬೆಳ್ಳಗಿತ್ತು. ಬಿರುಕು ಎಷ್ಟೋ ದಿನದ್ದು. ಎಂಜಿನ್ ನಿಲ್ಲಿಸಿ ಒಂದೊಂದೇ ರೆಕ್ಕೆ ಹಿಡಿದು ಅಲುಗಿಸಿದ್ದರೆ ಬೆರಳಿಗೆ ತಿಳಿಯುತ್ತಿತ್ತು. “ಬೆಲ್ಟು ಸರಿಯಾಗಿದೆ” ಎಂದೆ. ಅದನ್ನು ಜೋರಾಗಿ ಹೇಳಿದೆನೋ ಇಲ್ಲವೋ ಈಗ ನೆನಪಿಲ್ಲ.

ಹೆಬ್ಬೆರಳಿಲ್ಲದ ಕೈಯಲ್ಲಿ ದಬ್ಬಳ ನಿಲ್ಲುವುದಿಲ್ಲ. ಆತ ಮತ್ತೆ ಚೀಲ ಹೊಲಿಯಲಿಲ್ಲ.

ಚರ್ಮದ ಬೆಲ್ಟು ಹರಿದು, ಹೊಲಿದವನ ಬೆರಳನ್ನೇ ತೆಗೆಯಿತು ಎಂದು ಶ್ರೀನಿವಾಸಪುರದಲ್ಲಿ ಈಗಲೂ ಹೇಳುವವರಿದ್ದಾರೆ. ಅದಕ್ಕಾಗಿ ಇದನ್ನು ಬರೆದೆ. ಯಜಮಾನರು, ಗುಮಾಸ್ತರು, ಆ ರೈತರು ಈಗಿಲ್ಲ. ಹೊಲಿಗೆಯಾತನೂ ಇಲ್ಲ. ನೇರಳೆಹಣ್ಣಿನ ಹೆಂಗಸು ಬೈರಕೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಕಣ್ಣು ಮಂಜಾಗಿದೆ, ನೆನಪು ಚೆನ್ನಾಗಿದೆ. ನಾನು ಬಿಚ್ಚಿ ತೆಗೆದ, ಹರಿಯದ ಆ ಬೆಲ್ಟನ್ನು ಅಂದು ಆ ಹೆಂಗಸಿನ ಕೈಗೇ ಕೊಟ್ಟಿದ್ದೆ; ನಂಬದವರು ಅವರನ್ನೇ ಕೇಳಬಹುದು.