ಬೇರೆ ಹೆಸರು ಕಲಿತ ನೋಟ್‌ಬುಕ್

ಕೊರೊನಾದ ಮೊದಲ ವರ್ಷ. ನೆದರ್ಲೆಂಡ್ಸಿನ ಲೈಡನ್ನಿನಲ್ಲಿ ನಮ್ಮ ಕೆಳಮನೆಯ ಅಜ್ಜಿಗೆ ಎಂಬತ್ತು ದಾಟಿತ್ತು, ಒಬ್ಬರೇ ಇದ್ದರು. ವಾರಕ್ಕೊಮ್ಮೆ ಅವರ ಸಾಮಾನು ತಂದು ಬಾಗಿಲಲ್ಲಿಟ್ಟು ದೂರ ನಿಲ್ಲುತ್ತಿದ್ದೆ. ಅವರು ಕಿಟಕಿ ತೆರೆದು, ಡಚ್ಚು ಇಂಗ್ಲಿಷು ಬೆರೆಸಿ ಮಾತಾಡುತ್ತಿದ್ದರು.

ಒಮ್ಮೆ ನನ್ನ ಹೆಸರು ಕೇಳಿದರು. ನಾನು ಕೆಲಸ ಮಾಡುವ ಲ್ಯಾಬಿನವರಿಗೆ ಹೇಳುವ ಮೊಟಕು ಹೆಸರನ್ನೇ ಹೇಳಿದೆ.

"ಅದಲ್ಲ, ಮನೇಲಿ ಇಟ್ಟ ಹೆಸರು ಹೇಳಿ."

ಹೇಳಿದೆ. ಅವರು ಅದನ್ನು ತಿರುಗಿ ಹೇಳಿದಾಗ, ಮೊದಲಿನ ಉರ್ದು 'ಖ' ವಿಜಯಪುರದ ನನ್ನ ಟೀಚರುಗಳಿಗಿಂತ ಅವರ ಗಂಟಲಲ್ಲಿ ಚೆನ್ನಾಗಿ ಬಂತು.

"ನನಗೂ ಬೇರೆ ಹೆಸರೊಂದಿತ್ತು," ಎಂದರು. "ಯುದ್ಧದ ಕಾಲದಲ್ಲಿ. ನಾವು ಯಹೂದಿಗಳು."

ಮೇಲೆ ಬಂದು ಗಂಡನಿಗೆ ಹೇಳಿದರೆ, "ಸುಮ್ನೆ ಕೆದಕ್ಬೇಡ, ಪಾಪ, ಬೇಜಾರಾಗುತ್ತೆ ಅವ್ರಿಗೆ," ಎಂದರು. ನನಗೆ ತಡೆಯಲಾಗಲಿಲ್ಲ. ಮುಂದಿನ ವಾರ ನಾನು ಕೇಳುವ ಮೊದಲೇ ಅಜ್ಜಿ ಹಳೆಯದೊಂದು ನೋಟ್‌ಬುಕ್ಕನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದರು. ಪುಟದ ತುಂಬ ಒಂದೇ ಹೆಸರು.

ಆಗ ಅವರಿಗೆ ಆರು ವರ್ಷ. ನಾಜಿಗಳ ಕೈಗೆ ಸಿಗದಿರಲೆಂದು ಅಪ್ಪ ಅಮ್ಮ ಅವರನ್ನು ಉತ್ತರದ ಒಂದು ರೈತರ ಮನೆಗೆ ಒಪ್ಪಿಸಿದ್ದರು. ಸಂಬಂಧಿಕರ ಮಗು ಎಂದು ಊರಿಗೆ ಹೇಳಬೇಕಲ್ಲ, ಆ ಮನೆಯ ಹೆಂಗಸು ಹೊಸ ಹೆಸರನ್ನು ಬರೆಸಿ ಬರೆಸಿ ರೂಢಿ ಮಾಡಿಸಿದರಂತೆ.

"ಇಲ್ಲಿ ಕಾಗದ ಹರಿದಿದ್ಯಲ್ಲ?" ಎಂದು ಕೇಳಿದೆ.

"ಮರೆತು ನನ್ನ ಹೆಸರೇ ಬರೆದುಬಿಟ್ಟೆ. ಅವರು ಬೈಯಲಿಲ್ಲ. ರಬ್ಬರ್ ತಗೊಂಡು ಕಾಗದ ಹರಿಯೋವರೆಗೂ ಉಜ್ಜಿದರು."

ಯುದ್ಧ ಮುಗಿದ ಮೇಲೆ ಹುಡುಕಿಕೊಂಡು ಬಂದದ್ದು ಚಿಕ್ಕಮ್ಮ ಒಬ್ಬರೇ. ಹಿತ್ತಲಲ್ಲಿ ಕೋಳಿಗಳಿಗೆ ಕಾಳು ಹಾಕುತ್ತಿದ್ದ ಮಗುವನ್ನು ಹಳೆಯ ಹೆಸರು ಹಿಡಿದು ಕೂಗಿದರು. ಮಗು ತಿರುಗಲಿಲ್ಲ.

"ನಿಮ್ಮ ಹೆಸರು ಮತ್ತೆ ಯಾವಾಗ ಅಭ್ಯಾಸ ಆಯ್ತು?"

"ಅದು ಗೊತ್ತಿಲ್ಲ. ಆದರೆ ಅಂಗಡೀಲಿ ಯಾರಾದರೂ ಆ ಇನ್ನೊಂದು ಹೆಸರು ಕೂಗಿದರೆ ಈಗಲೂ ತಿರುಗಿ ನೋಡ್ತೀನಿ."

ಎರಡನೇ ಲಸಿಕೆಯಾದ ಮೇಲೆ ಅವರು ನನ್ನನ್ನು ಮೊದಲ ಸಲ ಒಳಗೆ ಕರೆದರು. ನೋಟ್‌ಬುಕ್ಕನ್ನು ಮ್ಯೂಸಿಯಂಗೆ ಕೊಡುವುದೆಂದು ತೀರ್ಮಾನಿಸಿದ್ದರು. "ಜೊತೆಗೆ ಬರ್ತೀರಾ?" ಎಂದರು. ಕೊಡುವ ಮುನ್ನ ನನ್ನ ಕೈಗಿತ್ತರು. ಪೆನ್ಸಿಲ್ಲನ್ನು ಎಷ್ಟು ಒತ್ತಿ ಬರೆದಿದ್ದರೆಂದರೆ, ಪುಟದ ಹಿಂಬದಿಯಲ್ಲೂ ಅಕ್ಷರಗಳು ಬೆರಳಿಗೆ ತಾಗುತ್ತಿದ್ದವು.

ಮ್ಯೂಸಿಯಂನವರು ಕೊಟ್ಟ ಫಾರಂನಲ್ಲಿ, ವಸ್ತು ಯಾರದು ಎಂಬಲ್ಲಿ ಅವರು ತಮ್ಮ ಹೆಸರು ಬರೆದರು. ಆಮೇಲೆ ಕೆಳಗೆ ಆ ರೈತರ ಮನೆಯ ಹೆಂಗಸಿನ ಹೆಸರನ್ನೂ ಸೇರಿಸಿದರು.

"ಪಾಠ ಹೇಳಿಕೊಟ್ಟಿದ್ದು ಅವರಲ್ವಾ," ಎಂದರು.