ಎರಡನೆಯ ರಾತ್ರಿಯ ಬಿಡಾರ

ಮೊನ್ನೆ ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ಎಲೆ ಊದುವವನು ಬಂದಿದ್ದ. ಬೆನ್ನಿಗೆ ಕಟ್ಟಿಕೊಂಡ ಮೆಷಿನ್ನಿನಿಂದ ನೀಲಿ ಹೊಗೆ ಬಿಡುತ್ತ ಒಣಗಿದ ಮೇಪಲ್ ಎಲೆಗಳನ್ನೆಲ್ಲ ಪಾರ್ಕಿಂಗ್ ಲಾಟಿನ ಮೂಲೆಗೆ ಅಟ್ಟುತ್ತಿದ್ದ. ಪೆಟ್ರೋಲಿನ ಜೊತೆ ಎಣ್ಣೆ ಸುಟ್ಟ ಆ ವಾಸನೆ ಅರ್ಧ ತೆರೆದ ಕಿಟಕಿಯಿಂದ ಒಳಗೆ ಬಂತು. ಮುಚ್ಚಲೆಂದು ಎದ್ದವನು ಮುಚ್ಚದೆ ಹಾಗೇ ನಿಂತುಬಿಟ್ಟೆ. ಒಲೆಯ ಮೇಲೆ ಹಾಲು ಉಕ್ಕಿ ಹೋದದ್ದು ಸೀದ ವಾಸನೆ ಬಂದ ಮೇಲೇ ತಿಳಿದದ್ದು.

ಅದು ಮೇಲಿನ ಮನೆಯವರ ಗರಾಜಿನ ವಾಸನೆ...

ಅಮೆರಿಕದ ಈ ಮೆಟುಚೆನ್ ಊರಿಗೆ ಬರುವ ಮೊದಲು ನಾನು ವುಡ್‌ಬ್ರಿಡ್ಜ್‌ನಲ್ಲಿ ಅವರ ಮನೆಯ ಕೆಳಭಾಗದಲ್ಲಿ ಬಾಡಿಗೆಗಿದ್ದೆ. ಮೇಲೆ ಅವರೊಬ್ಬರೇ. ಧಾರವಾಡದ ಕಡೆಯವರು, ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಒಬ್ಬಳೇ ಮಗಳು, ಇಲ್ಲೇ ಹುಟ್ಟಿದವಳು, ಹೋಬೋಕನ್‌ನಲ್ಲಿ ಕೆಲಸದಲ್ಲಿದ್ದಳು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಮೈಸೂರಿನಲ್ಲಿ ಮದುವೆ ಮನೆಗಳಿಗೆ ಅಡಿಗೆ ಮಾಡಿಕೊಂಡಿದ್ದವನು. ಅಕ್ಕ ಸ್ಪಾನ್ಸರ್ ಮಾಡಿದ್ದರಿಂದ ಈ ದೇಶಕ್ಕೆ ಬಂದು ಇಲ್ಲಿಯೂ ಸೌಟನ್ನೇ ಹಿಡಿದೆ. ಇಲ್ಲಿನ ನಮ್ಮ ಜನರೆಲ್ಲ ಇಂಜಿನಿಯರುಗಳು. ಊಟ ಚೆನ್ನಾಗಿತ್ತು ಎನ್ನುವುದು ಬಿಟ್ಟರೆ ಅವರಿಗೆ ನನ್ನ ಹತ್ತಿರ ಬೇರೆ ಮಾತಿರಲಿಲ್ಲ. ಮೇಲಿನ ಮನೆಯವರು ಮಾತ್ರ ಕೆಲಸದಿಂದ ಬಂದವರೇ ಗ್ರೀಸಿನ ಕೈಯಲ್ಲೇ ನನ್ನ ಬಾಗಿಲು ತಟ್ಟುತ್ತಿದ್ದರು. ನಾನು ಮೊದಲ ದಿನ ಸಾರ್ ಎಂದಾಗ ನಕ್ಕಿದ್ದರು.

“ಸಾರು ಮಾಡಾವ್ರು ನೀವು. ನನಗ್ಯಾಕ ಸಾರ್ ಅಂತೀರಿ, ಭಟ್ರ?”

ಡಿಪೋದಲ್ಲಿ ಅವರ ಜೊತೆಯ ಅಮೆರಿಕನ್ನರು ಚಳಿಗಾಲದ ಸೋಮವಾರಗಳಲ್ಲಿ ಒಂದೇ ಕಥೆ ಹೇಳುತ್ತಿದ್ದರಂತೆ. ಅಪ್‌ಸ್ಟೇಟ್ ನ್ಯೂಯಾರ್ಕಿನ ಕಾಡಿನಲ್ಲಿ ಹಿಮದ ಮೇಲೆ ಓಡುವ ಬೈಕಿನಂಥ ಗಾಡಿ ಹತ್ತಿ, ಒಂದೂರಿನಿಂದ ಹೊರಟು ಇನ್ನೊಂದೂರಿನಲ್ಲಿ ಮಲಗಿ, ಬೆಳಿಗ್ಗೆ ಎದ್ದು ಮತ್ತೆ ಮುಂದಕ್ಕೆ ಹೋಗುವ ಕಥೆ. ಮೂವತ್ತು ವರ್ಷ ಅದನ್ನು ಕೇಳಿದವರು ರಿಟೈರ್ ಆಗುವ ಮೊದಲು ತಾನೂ ಒಮ್ಮೆ ಹೋಗಬೇಕೆಂದು ಕೆಟ್ಟುಹೋಗಿದ್ದ ಎರಡು ಸ್ನೋಮೊಬೈಲ್ ಕೊಂಡುತಂದರು. ಒಂದು ಬೇಸಿಗೆ ಪೂರ್ತಿ ಅವನ್ನು ಬಿಚ್ಚಿ ಜೋಡಿಸಿದರು. ಎರಡನೆಯದು ಯಾರಿಗೆ ಎಂದು ಕೇಳಿದೆ. “ನಿಮಗ್ರೀ. ಅಲ್ಲಿ ನನಗ ಅನ್ನ ಯಾರ್ ಹಾಕ್ತಾರ?” ಎಂದರು.

ಆ ವರ್ಷ ಅಕ್ಟೋಬರ್‌ನಿಂದ ಪ್ರತಿ ಭಾನುವಾರ ಅವರ ಊಟದ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಕೂರುತ್ತಿದ್ದೆವು. ನಾಲ್ಕು ಹಗಲು, ಮೂರು ರಾತ್ರಿ. ನಕ್ಷೆಯ ನಾಲ್ಕು ಮೂಲೆಗೂ ನನ್ನ ಚಟ್ನಿಪುಡಿ ಡಬ್ಬಿ, ಅವರ ಸ್ಪ್ಯಾನರು, ಏನು ಸಿಕ್ಕಿದರೆ ಅದು. ದಾರಿ ಅವರದು, ಬಿಡಾರ ನನ್ನದು ಎಂದು ಕೆಲಸ ಹಂಚಿಕೊಂಡಿದ್ದೆವು. ಅವರು ಟ್ರೈಲ್, ಅಂದರೆ ಕಾಡಿನೊಳಗಿನ ಹಿಮದ ದಾರಿ, ನೋಡಿ ದಿನಕ್ಕೆ ಎಷ್ಟು ಮೈಲಿ ಎಂದು ಗುರುತು ಹಾಕುವರು. ನಾನು ಫೋನ್ ಮಾಡಿ ರೂಮು ಹಿಡಿಯಬೇಕು, ಅಲ್ಲಿ ಅಡಿಗೆಗೆ ಏನು ವ್ಯವಸ್ಥೆಯಿದೆ ವಿಚಾರಿಸಬೇಕು. ಗಾಡಿಯ ಟ್ಯಾಂಕಿಗೆ ಗ್ಯಾಸ್ (ಪೆಟ್ರೋಲಿಗೆ ಇಲ್ಲಿ ಹಾಗೇ ಅನ್ನುವುದು) ತುಂಬಿಸಿದರೆ ನೂರು ಮೈಲಿ ಓಡುತ್ತಿತ್ತು. ಆದರೆ ದಿನಕ್ಕೆ ಎಂಬತ್ತು ದಾಟಬಾರದೆಂದು ಅವರು ಹಟ ಹಿಡಿದಿದ್ದರು.

“ಹೊಸಾ ಹಿಮ ಬಿದ್ರ ಗಾಡಿ ಸಿಕ್ಕಾಪಟ್ಟೆ ಗ್ಯಾಸ್ ಕುಡೀತೈತಿ. ಎಂಬತ್ತರ ಮ್ಯಾಲ ಹೋಗೂದಿದ್ರ ಒಂದ್ ಕ್ಯಾನ್ ಹಿಂದ ಕಟ್ಟಕೊಂಡ ಹೋಗೂದು.”

ಮಗಳು ಒಂದು ಭಾನುವಾರ ಬಂದವಳು ನಕ್ಷೆ ನೋಡಿ ತಲೆ ಚಚ್ಚಿಕೊಂಡಳು. “ಅಪ್ಪಾ, ಯು ಆರ್ ಸಿಕ್ಸ್ಟಿ-ಟೂ. ಗೋ ಟು ಫ್ಲೋರಿಡಾ ಲೈಕ್ ಎವ್ರಿಬಡಿ.”

“ಫ್ಲೋರಿಡಾದಾಗ ಹಿಮ ಎಲ್ಲೈತಿ, ಮಗಾ?”

ಅವಳು ಹೋಗುವಾಗ ಬಾಗಿಲಲ್ಲಿ ನಿಂತು, “ಅಂಕಲ್, ಪ್ಲೀಸ್ ಕೀಪ್ ಆ್ಯನ್ ಐ ಆನ್ ಹಿಮ್” ಎಂದಳು. ಆಗಲಮ್ಮ ಎಂದೆ.

ಮೊದಲ ಮತ್ತು ಮೂರನೆಯ ರಾತ್ರಿಗೆ ಒಲೆಯಿರುವ ರೂಮುಗಳು ಸಿಕ್ಕವು. ಎರಡನೆಯ ರಾತ್ರಿಗೆ ಅವರು ಗುರುತು ಹಾಕಿದ್ದು ಅರವತ್ತಾರನೆಯ ಮೈಲಿಯಲ್ಲಿದ್ದ ಒಂದು ಹಳೆಯ ವಸತಿಗೃಹ. ಕೆಳಗೆ ಬಾರು, ಮೇಲೆ ರೂಮು, ಅಂಗಳದಲ್ಲೇ ಗ್ಯಾಸ್ ಪಂಪು. ಫೋಟೋದಲ್ಲಿ ಬೆಂಕಿಗೂಡಿನ ಮೇಲೆ ಸತ್ತ ಪ್ರಾಣಿಯ ಕೊಂಬಿನ ತಲೆ ನೇತುಹಾಕಿದ್ದರು. ರೂಮಿನಲ್ಲಿ ಅಡಿಗೆ ಮಾಡುವಂತಿಲ್ಲ ಎಂದರು. ನಾನು ಮಾಂಸ ಬೇಯಿಸಿದ ಒಲೆಯ ಮೇಲಿನದನ್ನು ಅಲ್ಲಿಯವರೆಗೆ ಬಾಯಿಗೆ ಇಟ್ಟವನಲ್ಲ.

“ಒಂದ್ ರಾತ್ರಿ ಬ್ರೆಡ್ಡು ಬಾಳಿಹಣ್ಣು ತಿಂದ್ರ ಸಾಯ್ತೀರೇನು, ಭಟ್ರ? ನಾನೂ ಮಾಂಸ ತಿನ್ನಾಂವಲ್ಲ.”

ನಾನು ನಕ್ಕೆ. ಆದರೆ ಒಳಗೆ ಚುಚ್ಚಿತು. ಓದು, ದುಡ್ಡು, ಹುದ್ದೆ ಯಾವುದೂ ಇಲ್ಲದ ನನಗೆ ಈ ದೇಶದಲ್ಲಿ ಉಳಿದಿದ್ದ ಒಂದೇ ಹೆಚ್ಚುಗಾರಿಕೆ ಅದು, ಮಡಿ ಬಿಡದ ಅಡಿಗೆಯವನು ಎನ್ನುವುದು. ಅದನ್ನು ಒಂದು ಬಾರಿನಲ್ಲಿ ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ. ಹೊರಡುವುದಕ್ಕೆ ಎರಡು ದಿನವಿದ್ದಾಗ ಆ ರೂಮು ಕ್ಯಾನ್ಸಲ್ ಮಾಡಿದೆ. ಅದೇ ಟ್ರೈಲಿನಲ್ಲಿ ಮುಂದೆ, ಒಲೆ ಪಾತ್ರೆ ಎಲ್ಲ ಇರುವ ಕ್ಯಾಬಿನ್ ಒಂದನ್ನು ಹಿಡಿದೆ. ಅದು ನಮ್ಮ ನಕ್ಷೆಯ ಅಂಚಿನಿಂದ ಆಚೆಗಿತ್ತು. ಆ ವಸತಿಗೃಹದಿಂದ ಎಷ್ಟು ದೂರ ಎಂದು ಕ್ಯಾಬಿನ್ ಮಾಲೀಕನನ್ನು ಕೇಳಿದ್ದೆ. ಮೂವತ್ತೈದು ಮೈಲಿ ಎಂದಿದ್ದ.

ಸಂಜೆ ಗರಾಜಿಗೆ ಹೋಗಿ ಹೇಳಿದೆ. ಅವರು ಗಾಡಿಯ ಅಡಿಯಲ್ಲಿ ತಲೆಯಿಟ್ಟುಕೊಂಡೇ, “ಎಷ್ಟ ದೂರ ಆತು?” ಎಂದರು.

“ಹನ್ನೆರಡು ಮೈಲಿ ಜಾಸ್ತಿ. ಅಷ್ಟೇ.”

ಮೂವತ್ತೈದು ಎಂದರೆ ಬೇಡವೆನ್ನುತ್ತಾರೆಂದು ನನಗೆ ಗೊತ್ತಿತ್ತು. ನೂರು ಮೈಲಿ ಓಡುವ ಟ್ಯಾಂಕಿಗೆ ನೂರೊಂದು ಮೈಲಿ ಏನು ಮಹಾ ಎಂದುಕೊಂಡೆ. ಅವರು ಎದ್ದು ಕೈ ಒರೆಸಿಕೊಂಡು, ಮೈಲಿ ಬರೆದಿಟ್ಟ ಕಾರ್ಡಿನಲ್ಲಿ ಅರವತ್ತಾರು ಹೊಡೆದು ಎಪ್ಪತ್ತೆಂಟು ಎಂದು ಬರೆದರು. “ಎಂಬತ್ತರೊಳಗ ಐತಿ. ಕ್ಯಾನ್ ಬ್ಯಾಡ” ಎಂದರು. ಎಲ್ಲವನ್ನೂ ಎರಡೆರಡು ಸಲ ನೋಡುವ ಮನುಷ್ಯ. ನಾನು ಹೇಳಿದ್ದನ್ನು ಮಾತ್ರ ನೋಡಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ಹಿಮ ಬೀಳತೊಡಗಿತು. ಆ ವಸತಿಗೃಹಕ್ಕೆ ತಿರುಗುವ ಕವಲಿನಲ್ಲಿ ಅವರು ಗಾಡಿ ನಿಧಾನ ಮಾಡಿ ನನ್ನ ಕಡೆ ತಿರುಗಿದರು. ಟ್ಯಾಂಕಿನ ಮುಳ್ಳು ತೋರಿಸಿ, ಗ್ಯಾಸ್ ಹಾಕಿಸೋಣವೇ ಎಂದು ಸನ್ನೆ ಮಾಡಿದರು. ಒಳಗೆ ಹೋದರೆ ಯಾರಾದರೂ ಮುಂದಿನ ದೂರ ಹೇಳಿಬಿಡುತ್ತಾರಲ್ಲ... ಕತ್ತಲಾಗುತ್ತದೆ, ನಡೀರಿ ಎಂದು ಕೈ ಬೀಸಿದೆ. ಅವರು ನಡೆದರು.

ಆ ಹಳೆಯ ಗಾಡಿಗಳಲ್ಲಿ ಮೈಲಿ ತೋರಿಸುವ ಮೀಟರು ಓಡುತ್ತಿರಲಿಲ್ಲ; ನನ್ನ ಲೆಕ್ಕದಲ್ಲಿ ತೊಂಬತ್ತನೆಯ ಮೈಲಿಯ ಹತ್ತಿರ ಅವರ ಗಾಡಿ ಕೆಮ್ಮತೊಡಗಿತು. ನನ್ನ ಮುಳ್ಳೂ ತಳ ಮುಟ್ಟಿತ್ತು. ಫೋನಿಗೆ ಸಿಗ್ನಲ್ ಇರಲಿಲ್ಲ, ಸುತ್ತ ಮರ ಬಿಟ್ಟರೆ ಏನೂ ಇಲ್ಲ. ಅವರು ಬೈಯಲಿಲ್ಲ. ಎರಡು ಗಾಡಿಯ ಗ್ಯಾಸು ಒಂದಕ್ಕೆ ಸೇರಿಸಿದರೆ ಇಬ್ಬರೂ ಒಂದರ ಮೇಲೆ ಮುಟ್ಟಬಹುದು ಎಂದರು. ದಪ್ಪ ಗ್ಲೌಸಿನಲ್ಲಿ ಪೈಪು ಹಿಡಿಯಲು ಬಾರದೆ ಬಿಚ್ಚಿ ಪಕ್ಕಕ್ಕಿಟ್ಟರು. ಬಾಯಲ್ಲಿ ಎಳೆದು ನನ್ನ ಟ್ಯಾಂಕಿಗೆ ಬಿಡುವಾಗ ಗಾಳಿ ಬೀಸಿ ಗ್ಯಾಸು ಎರಡು ಕೈಗೂ ಚೆಲ್ಲಿತು. ಆ ಚಳಿಯಲ್ಲಿ ಚರ್ಮದ ಮೇಲೆ ಗ್ಯಾಸು ಬಿದ್ದರೆ ಬೆರಳೇ ಹೆಪ್ಪುಗಟ್ಟಿ ಸಾಯುತ್ತದೆಂದು ನನಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿತ್ತು. ಆದರೂ ಕೈ ತೆಗೆಯಲಿಲ್ಲ, ಟ್ಯಾಂಕು ಖಾಲಿಯಾಗುವವರೆಗೆ ಹಿಡಿದೇ ಇದ್ದರು.

ಕ್ಯಾಬಿನ್ ಮುಟ್ಟಿದೆವು. ಅವರ ಬೆರಳುಗಳು ಮೇಣದ ಹಾಗೆ ಬೆಳ್ಳಗಾಗಿದ್ದವು. ಮಾಲೀಕ ರಸ್ತೆ ತೆರವಾದೊಡನೆ ಆಸ್ಪತ್ರೆಗೆ ಒಯ್ಯಲು ಟ್ರಕ್ ತರುತ್ತೇನೆಂದು ಹೋದ. ಕಾಯುವಾಗ ನಾನು ಅನ್ನಕ್ಕಿಟ್ಟೆ, ತಿಳಿಸಾರು ಮಾಡಿದೆ, ಅವರಿಗೆ ತುತ್ತು ಮಾಡಿ ಬಾಯಿಗೆ ಕೊಟ್ಟೆ. “ಛಲೋ ಮಾಡೀರಿ, ಭಟ್ರ” ಎಂದರು. ಹಲ್ಲು ಕಟಕಟ ಎನ್ನುತ್ತಿತ್ತು.

ಬಲಗೈಯಲ್ಲಿ ಹೆಬ್ಬೆರಳೊಂದೇ ಉಳಿಯಿತು. ಎಡಗೈಯಲ್ಲಿ ಎರಡು ಹೋದವು.

ಆಸ್ಪತ್ರೆಯಲ್ಲಿ ಮಗಳಿಗೆ ಜಾಕೆಟ್ಟಿನ ಜೇಬಿನಲ್ಲಿ ಆ ಕಾರ್ಡು ಸಿಕ್ಕಿತು. ಅಷ್ಟರಲ್ಲಿ ನಿಜವಾದ ದೂರ ಅವಳಿಗೆ ಗೊತ್ತಾಗಿತ್ತು. “ಅಪ್ಪಾ, ಯು ರೋಟ್ ಸೆವೆಂಟಿ-ಏಯ್ಟ್. ಇಟ್ಸ್ ಎ ಹಂಡ್ರೆಡ್ ಅಂಡ್ ಒನ್. ಹೌ?” ಅವರು ಕಾರ್ಡನ್ನು ತುಂಬ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ಆ ಮುಖದಲ್ಲಿ ಸಿಟ್ಟು ಇರಲಿಲ್ಲ. ಗೊಂದಲವಿತ್ತು, ಸ್ವಲ್ಪ ಹೆದರಿಕೆಯಿತ್ತು.

“ಭಟ್ರ, ನೀವು ಮೂವತ್ತೈದ ಅಂದಿದ್ರೇನು? ನಾ ಹನ್ನೆರಡಂತ ಬರಕೊಂಡೀನಿ.”

ಇಬ್ಬರೂ ನನ್ನನ್ನೇ ನೋಡುತ್ತಿದ್ದರು.

“ಹೌದು. ಮೂವತ್ತೈದು ಅಂತಲೇ ಹೇಳಿದ್ದೆ” ಎಂದೆ.

ಬೆರಳು ಕಳೆದದ್ದು ನನ್ನ ಮೊದಲ ಸುಳ್ಳು. ಅದಕ್ಕಾದರೂ ಮೂರ್ಖತನ ಎಂಬ ನೆಪವಿದೆ. ಎರಡನೆಯದಕ್ಕೆ ಏನೂ ಇಲ್ಲ. ಆವತ್ತಿನಿಂದ ಅವರು ತಮ್ಮ ತಲೆಯನ್ನೇ ನಂಬುವುದು ಬಿಟ್ಟರು. ಡಾಕ್ಟರು ಪರೀಕ್ಷೆ ಮಾಡಿ ನೆನಪಿಗೇನೂ ಆಗಿಲ್ಲವೆಂದರೂ ಕೇಳಲಿಲ್ಲ. ಉಳಿದ ಬೆರಳುಗಳಲ್ಲಿ ಪೆನ್ನು ಹಿಡಿದು, ಒಲೆ ಆರಿಸಿದೆ, ಬಾಗಿಲು ಹಾಕಿದೆ ಎಂದೆಲ್ಲ ಚೀಟಿ ಬರೆದು ಗೋಡೆಗೆ ಅಂಟಿಸತೊಡಗಿದರು. ಹೊರಗೆ ಹೋಗಿ ಬಂದರೆ, “ಭಟ್ರ, ನಾ ಈಗ ಏನ್ ಹೇಳಿದೆ? ಸರಿ ಹೇಳಿದೆನಿಲ್ಲೋ?” ಎಂದು ನನ್ನನ್ನು ಕೇಳುವರು. ಮಗಳು ಕಾರಿನ ಕೀ ತೆಗೆದುಕೊಂಡಳು. ಸ್ಪ್ಯಾನರುಗಳನ್ನು ಡಿಪೋದವರಿಗೆ ಕೊಟ್ಟರು. ಒಂದೆರಡು ವರ್ಷದಲ್ಲಿ ಮನೆ ಮಾರಿ ಹೋಬೋಕನ್‌ಗೆ, ಅವಳ ಮನೆಗೆ ಹೋದರು. ನಾನು ಅಷ್ಟು ದಿನವೂ ಸಾರು, ಪಲ್ಯ, ಅವರಿಗೆ ಇಷ್ಟವೆಂದು ಜೋಳದ ರೊಟ್ಟಿ ಎಲ್ಲ ಕಲಿತು ಮಾಡಿ ಹೊತ್ತುಕೊಂಡು ಹೋಗುತ್ತಿದ್ದೆ. ನಮ್ಮ ಜನ ಅದನ್ನು ನೋಡಿ ಒಳ್ಳೆಯ ಮನುಷ್ಯ ಎನ್ನುತ್ತಿದ್ದರು.

ಹೇಳಬೇಕೆಂದು ಹೋಬೋಕನ್‌ಗೆ ರೈಲಿನಲ್ಲಿ ಎಷ್ಟೋ ಸಲ ಹೋಗಿದ್ದೇನೆ. ಕಾಫಿ ಕುಡಿದು, ನದಿ ನೋಡಿ, ಹವಾಮಾನದ ಮಾತಾಡಿ ವಾಪಸು ಬಂದಿದ್ದೇನೆ. ಹೋದ ಚಳಿಗಾಲದಲ್ಲಿ, ಹನ್ನೆರಡು ವರ್ಷದ ಮೇಲೆ, ಕೊನೆಗೂ ಹೇಳಿದೆ. ಅವರು ಸೋಫಾದಲ್ಲಿ ಶಾಲು ಹೊದ್ದು ಕೂತಿದ್ದರು. ನಾನು ಕೆಳಗೆ ನೆಲದ ಮೇಲೆ ಕೂತೆ. ನಾನು ಹನ್ನೆರಡು ಅಂತಲೇ ಹೇಳಿದ್ದು, ನೀವು ಸರಿಯಾಗಿಯೇ ಬರೆದುಕೊಂಡಿರಿ, ಆಸ್ಪತ್ರೆಯಲ್ಲಿ ನಾನು ಹೇಳಿದ್ದೂ ಸುಳ್ಳು ಎಂದು ಒಂದೊಂದಾಗಿ ಹೇಳಿದೆ. ಅವರು ಪೂರ್ತಿ ಕೇಳಿದರು. ಆಮೇಲೆ ಆ ಹೆಬ್ಬೆರಳಿನ ಕೈಯನ್ನು ನನ್ನ ಭುಜದ ಮೇಲಿಟ್ಟರು.

“ಇಷ್ಟ ವರ್ಷ ಆದಮ್ಯಾಗ ನನ್ನ ತಪ್ಪು ನಿಮ್ಮ ತಲಿಮ್ಯಾಲ ಹಾಕ್ಕೋತೀರಿ? ಬ್ಯಾಡ್ರಿ, ಭಟ್ರ. ನನಗ ಸಮಾಧಾನ ಆಗ್ಲಿ ಅಂತ ಹೇಳ್ತೀರಿ, ನನಗ ಗೊತ್ತೈತಿ.”

ಇಲ್ಲ, ದೇವರಾಣೆ ನಿಜ ಎಂದೆ. ಆಣೆ ಎಲ್ಲ ಹಾಕಬೇಡಿ ಎಂದು ಅವರೇ ನನಗೆ ಸಮಾಧಾನ ಹೇಳಿದರು. ಮಗಳು ಒಳಗಿನಿಂದ ಬಂದಾಗ ನನ್ನನ್ನು ತೋರಿಸಿ, ಎಂಥ ದೊಡ್ಡ ಮನಸ್ಸು ನೋಡು ಎಂದರು. ಅವಳ ಮುಂದೆ ನಾನು ಬಾಯಿ ತೆರೆಯಲಿಲ್ಲ.

ಹೋದ ತಿಂಗಳು ಅವರು ತೀರಿಕೊಂಡರು. ಮಣ್ಣು ಮಾಡಿ ಬರುವಾಗ ಕಾರಿನಲ್ಲಿ ಮಗಳು ಅತ್ತಳು. ಅಪ್ಪನ ಕೈಯಿಂದ ಕಾರಿನ ಕೀ ಕಿತ್ತುಕೊಂಡವಳು ನಾನು, ಅವರು ತಮಗೆ ತಾವೇ ಹೆದರಿಕೊಂಡು ಬದುಕಿದರು, ಎಂದಳು, ಇಂಗ್ಲಿಷಿನಲ್ಲಿ. ನಾನು ಅವಳ ಕೈ ಹಿಡಿದುಕೊಂಡೆ. ಹೇಳಿದ್ದರೆ ಅವಳ ಭಾರವಾದರೂ ಇಳಿಯುತ್ತಿತ್ತು. ಹೇಳಲಿಲ್ಲ.

ಬರುವ ಭಾನುವಾರ ಅವರ ನೆನಪಿಗೆ ಊಟ ಹಾಕಿಸುತ್ತಿದ್ದಾಳೆ. “ಅಂಕಲ್, ವಿಲ್ ಯು ರೈಟ್ ಸಮ್‌ಥಿಂಗ್ ಅಬೌಟ್ ಅಪ್ಪಾ?” ಎಂದು ಕೇಳಿದಳು. ನನಗೆ ಬರುವ ಇಂಗ್ಲಿಷಿನಲ್ಲಿ ಐದು ಸಾಲು ಬರೆದು ನಿನ್ನೆಯೇ ಕಳಿಸಿದೆ. ಒಳ್ಳೆಯ ಮೆಕ್ಯಾನಿಕ್, ಒಳ್ಳೆಯ ತಂದೆ, ಒಳ್ಳೆಯ ಸ್ನೇಹಿತ ಎಂದು. ಆಮೇಲೆ ಕೂತು ಇದನ್ನು ಬರೆದೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಅದು ಗೊತ್ತಿದ್ದೇ ಬರೆದಿದ್ದೇನೆ.