ಸೋಫಾದೊಳಗಿನ ಕೋಗಿಲೆ

ನಾನು ನಿಂತಿದ್ದುದು ಭದ್ರಾವತಿಯ ಒಂದು ಕಲ್ಯಾಣ ಮಂಟಪದಲ್ಲಿ, ವೇದಿಕೆಯ ಎಡಗಡೆಯ ಮೆಟ್ಟಿಲ ಬಳಿ. ವಧೂವರರು ಕೂರುವ ಸೋಫಾ ಅಲ್ಲಿಂದ ನಾಲ್ಕು ಹೆಜ್ಜೆ. ಹೋದ ವರ್ಷದ ಬೇಸಿಗೆ, ಭಾನುವಾರ ಸಂಜೆ, ಐದು ಗಂಟೆ ಇಪ್ಪತ್ತು ನಿಮಿಷ.

ಇಂಥ ಕತೆಗಳನ್ನು ನಾನು ನಂಬಿದವನಲ್ಲ. ಶಿವಮೊಗ್ಗದಲ್ಲಿ ಸರ್ವೆಯರ್ ಕೆಲಸ ನನ್ನದು. ಅಳೆದದ್ದನ್ನು ಬರೆಯುತ್ತೇನೆ, ಅಳೆಯದ್ದನ್ನು ಬಿಡುತ್ತೇನೆ. ಒಮ್ಮೆ ಮಾತ್ರ ಅಳೆಯದೆ ಬರೆದೆ. ಅದನ್ನು ಮೊದಲು ಹೇಳಿಬಿಡಬೇಕು.

ಆ ಸಂಜೆಗೆ ಹನ್ನೊಂದು ತಿಂಗಳ ಹಿಂದೆ ಅದೇ ಮಂಟಪದಲ್ಲಿ ನನ್ನ ಹೆಂಡತಿ ವಸಂತಾಳ ಅಣ್ಣನ ಹಿರಿಯ ಮಗಳ ಆರತಕ್ಷತೆ ನಡೆದಿತ್ತು. ಮೊಗ್ಗಿನ ಜಡೆ ಹಾಕಲು ಬಂದವರು ಸೆಲ್ವಕ್ಕ. ಕಾರ್ಖಾನೆಯ ಕ್ವಾರ್ಟರ್ಸ್‌ನಲ್ಲಿ ಬೆಳೆದ ತಮಿಳು ಮನೆಯವರು. ಊರಿನ ಅರ್ಧ ಮದುಮಗಳಂದಿರ ಜಡೆ ಅವರ ಕೈಯದೇ. ಜಡೆಯ ನಮೂನೆ ತೋರಿಸಲು ವಸಂತಾ ತನ್ನ ಫೋನನ್ನು ಅವರ ಕೈಗೆ ಕೊಟ್ಟಿದ್ದಳು. ಊಟ ಮುಗಿದ ಮೇಲೆ ನೋಡಿದರೆ ಫೋನಿಲ್ಲ. ಕರೆ ಮಾಡಿದರೆ ಸ್ವಿಚ್ ಆಫ್. ಚಾರ್ಜ್ ಮುಗಿಯುತ್ತಾ ಬಂದಿತ್ತು ಎಂದು ವಸಂತಾಳೇ ಹೇಳಿದ್ದಳು, ಆದರೆ ಆ ಮಾತನ್ನು ಯಾರೂ ಲೆಕ್ಕಕ್ಕಿಡಲಿಲ್ಲ. ಎಲ್ಲರ ನೆನಪಿನಲ್ಲೂ ಅದು ಸೆಲ್ವಕ್ಕನ ಕೈಯಲ್ಲೇ ಇತ್ತು.

ಮರುದಿನ ಠಾಣೆಯಲ್ಲಿ ದೂರು ಕೊಟ್ಟು, ಸರ್ಕಾರದ ಪೋರ್ಟಲ್‌ನಲ್ಲಿ ಐಎಂಇಐ ಸಂಖ್ಯೆ ಹಾಕಿ ಫೋನನ್ನು ಬ್ಲಾಕ್ ಮಾಡಿಸಿದೆ. ಬ್ಲಾಕ್ ಆದ ಫೋನಿಗೆ ಯಾವ ಸಿಮ್ ಹಾಕಿದರೂ ಕರೆ ಬರುವುದಿಲ್ಲ, ಹೋಗುವುದಿಲ್ಲ. ವಸಂತಾ ಅದೇ ನಂಬರಿಗೆ ಹೊಸ ಸಿಮ್ ತೆಗೆದುಕೊಂಡಳು. ಹಳೆಯ ಸಿಮ್ ಸತ್ತಿತು. ಅನುಮಾನ ಯಾರ ಮೇಲೆ ಎಂದು ದೂರಿನಲ್ಲಿ ಹೇಳುವ ಕಡೆ ಸೆಲ್ವಕ್ಕನ ಹೆಸರು ಬರೆದವನು ನಾನೇ. ಮಾತು ಹಬ್ಬಿತು. ಅವರನ್ನು ಜಡೆಗೆ ಕರೆಯುವವರು ಕಡಿಮೆಯಾದರು, ಆಮೇಲೆ ಇಲ್ಲವೇ ಆದರು.

ವಸಂತಾಳ ಅಣ್ಣನ ಕಿರಿಯ ಮಗಳು ಮೇಘನಾ ಮಾತ್ರ ತನ್ನ ಮದುವೆಗೆ ಹಠ ಹಿಡಿದಳು. "ಸೆಲ್ವಕ್ಕ ಜಡೆ ಹಾಕದಿದ್ರೆ ನಾನು ಸ್ಟೇಜೇ ಹತ್ತಲ್ಲ ಅತ್ತೆ."

ಹಾಗಾಗಿ ಆ ಸಂಜೆ ಮೇಘನಾ ಸೋಫಾದ ಮೇಲೆ ಕೂತಿದ್ದಳು, ಸೆಲ್ವಕ್ಕ ಜಡೆಗೆ ಕೊನೆಯ ಹೊಲಿಗೆ ಹಾಕುತ್ತಿದ್ದರು. ವಸಂತಾ ಮೆಟ್ಟಿಲು ಹತ್ತುತ್ತಲೇ ಅಂದಳು: "ಮೇಘೂ, ನಿನ್ನ ಫೋನ್ ಎಲ್ಲಿದೆ ನೋಡ್ಕೋ ಮಾರಾಯ್ತಿ. ಆಮೇಲೆ ಹುಡುಕಿದ್ರೆ ಸಿಗಲ್ಲ."

ಸೆಲ್ವಕ್ಕನ ಸೂಜಿ ನಿಂತಿತು. "ಹೇಳೋದನ್ನ ನನಗೇ ಹೇಳಿ ಅಕ್ಕಾ. ಈಗ್ಲೇ, ಎಲ್ಲರ ಮುಂದೆ, ನಿಮ್ಮ ನಂಬರಿಗೆ ರಿಂಗ್ ಕೊಡ್ತೀನಿ. ನನ್ನ ಚೀಲದಲ್ಲಿ ಬಡ್ಕೊಂಡ್ರೆ ನಾನು ಕಳ್ಳಿ."

ನಾನು ಬುದ್ಧಿವಂತನ ಹಾಗೆ ಬಾಯಿ ಹಾಕಿದೆ. "ಆ ನಂಬರ್ ಈಗ ಇವಳ ಹೊಸ ಫೋನಲ್ಲಿದೆ ಸೆಲ್ವಕ್ಕ. ಹಳೇದು ಬ್ಲಾಕ್ ಆಗಿದೆ. ಅದು ಎಲ್ಲಿದ್ರೂ ಕಲ್ಲಿದ್ದ ಹಾಗೆ."

"ಕಲ್ಲೇ ಇರ್ಲಿ ಸಾರ್. ಕೊಡ್ತೀನಿ."

ಕೊಟ್ಟರು. ವಸಂತಾಳ ಕೈಯಲ್ಲಿದ್ದ ಫೋನ್ ಬಡಿದುಕೊಂಡಿತು, ಅದು ಸರಿಯೇ. ಆದರೆ ಅದರ ಜೊತೆಗೇ ಇನ್ನೊಂದು ಸದ್ದು. ಕೋಗಿಲೆ ಕೂಗು. ಅವಳ ಹಳೆಯ ಫೋನಿನ ರಿಂಗ್‌ಟೋನ್ ಅದು. ಸೋಫಾದ ಒಳಗಿಂದ ಬರುತ್ತಿತ್ತು. ನಾಲ್ಕು ಸಲ ಕೂಗಿತು, ಎಣಿಸಿದ್ದೇನೆ. ಸೆಲ್ವಕ್ಕ ಕರೆ ಕಟ್ ಮಾಡಿದರು. ಎರಡೂ ಒಟ್ಟಿಗೆ ನಿಂತವು. ಏಣಿಯ ಮೇಲೆ ಲೈಟಿನ ಸರ ಕಟ್ಟುತ್ತಿದ್ದ ಕುಂಸಿಯ ರಂಗಪ್ಪ ಚಾವಣಿ ನೋಡುತ್ತಾ, "ಕೋಗಿಲೆ ಎಲ್ಲಿಂದ ಒಳಗೆ ಬಂತು ಮಾರಾಯ್ರೆ?" ಎಂದರು.

ಮೇಘನಾ ದಡಕ್ಕನೆ ಎದ್ದಳು. ನಾನು ಸೋಫಾ ಮಗುಚಿ, ಸೆಲ್ವಕ್ಕನ ಕತ್ತರಿಯಿಂದಲೇ ಅಡಿಯ ಬಟ್ಟೆ ಕತ್ತರಿಸಿದೆ. ಫೋನ್ ಜಾರಿ ಬಿತ್ತು. ಕವರಿಗೆ ಒಂದು ಹಸಿರು ದಾರ ಸಿಕ್ಕಿಕೊಂಡಿತ್ತು. ದಾರದಲ್ಲಿ ಒಣಗಿ ಕಂದಾದ ಮೂರು ಮಲ್ಲಿಗೆ ಮೊಗ್ಗು. ವಸಂತಾ ಅದನ್ನೇ ನೋಡುತ್ತ ನಿಂತಳು.

"ಅವತ್ತು ದೊಡ್ಡವಳು ಒರಗಿದ್ರೆ ಜಡೆ ನಜ್ಜಾಗುತ್ತೆ ಅಂತ ನಾನೇ ಅದನ್ನ ಎತ್ತಿ ಸೋಫಾದ ಹಿಂದಕ್ಕೆ ಹಾಕಿದ್ದೆ. ಸೆಲ್ವಕ್ಕ ವಾಪಸ್ ಕೊಟ್ಟ ಫೋನು ನನ್ನ ಕೈಯಲ್ಲೇ ಇತ್ತು, ಆಗ್ಲೇ ಸಂದಿಗೆ ಜಾರಿದೆ." ಆಮೇಲೆ, ಅಡುಗೆಯವರಿಗೂ ಕೇಳುವಷ್ಟು ಗಟ್ಟಿಯಾಗಿ, "ನನ್ನದೇ ತಪ್ಪು ಸೆಲ್ವಕ್ಕ" ಎಂದಳು.

ಸೆಲ್ವಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. "ಈ ಹೊಸ ಫೋನಾದ್ರೂ ಗಟ್ಟಿ ಹಿಡ್ಕೊಳ್ಳಿ ಅಕ್ಕಾ. ಈ ಸೋಫಾದ ಕೈ ಸರಿಯಿಲ್ಲ."

ಅಲ್ಲಿದ್ದವರೆಲ್ಲ ನಕ್ಕೆವು. ಆ ಸಂಜೆ ಮದುಮಗಳ ಹಿಂದೆ ಜಡೆ ಹಿಡಿದು, ತಲೆಯೆತ್ತಿ ವೇದಿಕೆಗೆ ಬಂದವರು ಸೆಲ್ವಕ್ಕ. ಅವರ ಮುಖ ಸರಿಯಾಗಿ ಬರಲಿ ಎಂದು ವಿಡಿಯೋದವರಿಗೆ ಹೇಳಿದವಳು ವಸಂತಾ.

ಇನ್ನು ಉಳಿದದ್ದು ಆ ಫೋನು. ಸಿಕ್ಕ ಕೂಡಲೇ ಗುಂಡಿ ಒತ್ತಿ ನೋಡಿದೆ, ಬೆಳಕಿಲ್ಲ. ಚಾರ್ಜಿಗೆ ಹಾಕಿ ಇಪ್ಪತ್ತು ನಿಮಿಷದ ಮೇಲೆ ಬ್ಯಾಟರಿಯ ಚಿತ್ರ ಮೂಡಿತು. ಒಳಗೆ ಮಿಸ್ಡ್ ಕಾಲ್ ಇಲ್ಲ. ಅಲಾರಂ ಇರಬಹುದೆಂದು ನೋಡಿದೆ; ಅದರದು ಗಂಟೆಯ ಸದ್ದು. ಶಿವಮೊಗ್ಗದ ರಿಪೇರಿಯವರು ಕೇಳಿ ತಲೆಯಾಡಿಸಿದರು: "ಸಿಮ್ ಸತ್ತಿದೆ, ಬ್ಯಾಟರಿ ಖಾಲಿಯಾಗಿತ್ತು, ಮೇಲಿಂದ ಬ್ಲಾಕು. ನೀವು ಕೇಳಿದ್ದು ಬೇರೆ ಏನೋ ಸಾರ್."

ಫೋನ್ ಸಿಕ್ಕಿದೆ, ನನ್ನ ಅನುಮಾನ ತಪ್ಪು ಎಂದು ಅದೇ ಠಾಣೆಗೆ ಅದೇ ಕೈಬರಹದಲ್ಲಿ ಬರೆದುಕೊಟ್ಟೆ. ಪೋರ್ಟಲ್‌ನಲ್ಲಿ ಬ್ಲಾಕ್ ತೆಗೆಸಿದೆ. ಕಳೆದ ಫೋನ್ ಮತ್ತೆ ಬಳಕೆಗೆ ಬರುತ್ತದೆಯೇ ಎಂದು ಕೇಳುವವರಿಗೆ ಧೈರ್ಯವಾಗಿ ಹೇಳುತ್ತೇನೆ: ಬರುತ್ತದೆ. ವಸಂತಾ ಈಗಲೂ ಅದನ್ನೇ ಬಳಸುತ್ತಾಳೆ. ಅದರಲ್ಲಿರುವ ಜಡೆಗಳ ಫೋಟೋವನ್ನು ಕಂಡಕಂಡವರಿಗೆ ತೋರಿಸುತ್ತಾಳೆ. ಈ ಬೇಸಿಗೆ ಸೆಲ್ವಕ್ಕನಿಗೆ ಒಂದು ಮುಹೂರ್ತವೂ ಬಿಡುವಿಲ್ಲ.

ಬ್ಲಾಕ್ ತೆಗೆಸುವ ಮೊದಲೇ ಅದು ಕೂಗಿದ್ದು ಹೇಗೆಂದು ಮಾತ್ರ ನನಗೆ ಗೊತ್ತಿಲ್ಲ. ಕೇಳಿದವರು ಐವರು: ನಾನು, ವಸಂತಾ, ಮೇಘನಾ, ಏಣಿಯ ಮೇಲಿದ್ದ ರಂಗಪ್ಪ, ರಿಂಗ್ ಕೊಟ್ಟ ಸೆಲ್ವಕ್ಕ. ಐವರೂ ಇದ್ದೇವೆ. ಬೇರೆ ಬೇರೆಯಾಗಿ ಕೇಳಿ ನೋಡಿ, ನಾಲ್ಕೇ ಸಲ ಎನ್ನುತ್ತೇವೆ.